ಸೈಮನ್ ಚಿಕ್ಕಪ್ಪನಿಗೆ ಬಿದ್ದ ದನಿಗಳು

ಸೈಮನ್ ಸ್ಟ್ರೈಕರ್ ನನ್ನ ಗಂಡ ಆಲ್ವಿನ್‌ನ ಚಿಕ್ಕಪ್ಪ. ಕುದುರೆಗಳಿಗೆ ಲಾಳ ಹೊಡೆಯುವುದು ಅವರ ಕಸುಬು. ಮಿಲ್ವರ್ಟನ್ ಊರಿನ ಆಚೆ ನಮ್ಮ ಹೊಲ, ಅವರ ಹೊಲ ಒಂದೇ ಬೇಲಿಯ ಎರಡು ಬದಿ. ನಾನು ಆಲ್ಮರ್ ಊರಿನ ಕಡೆಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಬಾವಿಯ ಪಂಪಿನ ಹತ್ತಿರ ನಿಂತರೆ ಬೇಲಿಯಾಚೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಸದ್ದು ನಿಂತರೆ ಹಾಡು ಬರುತ್ತಿತ್ತು. ಕಾಲು ಕೊಡದೆ ಒದೆಯುವ ಹಟಮಾರಿ ಕುದುರೆ ಬಂದರೆ ಚಿಕ್ಕಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದರ ಕತ್ತಿಗೆ ಹಣೆ ಕೊಟ್ಟು ಭಾನುವಾರದ ಹಾಡನ್ನು ಸಣ್ಣಗೆ ಎಳೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಕುದುರೆ ಕಿವಿ ಇಳಿಬಿಟ್ಟು ತಾನೇ ಕಾಲು ಎತ್ತುತ್ತಿತ್ತು.

ನಾವು ಆಮಿಷ್ ಜನ, ಕುದುರೆ ಗಾಡಿಯ ಹಳೆಯ ಸರಳ ಬದುಕನ್ನೇ ಹಿಡಿದುಕೊಂಡ ಕ್ರೈಸ್ತರು. ನಮಗೆ ದೇವಾಲಯವೆಂದು ಬೇರೆ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸಭೆ ಸೇರುತ್ತದೆ. ಬೆಂಚುಗಳನ್ನು ಗಾಡಿಯಲ್ಲಿ ಮನೆಯಿಂದ ಮನೆಗೆ ಸಾಗಿಸುತ್ತೇವೆ. ವಾದ್ಯ ಬಾರಿಸುವುದಿಲ್ಲ. ಹಾಡಿನ ಮಾತು ಪುಸ್ತಕದಲ್ಲಿದೆ, ರಾಗ ಎಲ್ಲಿಯೂ ಬರೆದಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು. ಒಂದೊಂದು ಅಕ್ಷರವನ್ನೂ ಏರಿಸಿ ಇಳಿಸಿ ತಿರುಗಿಸಿ ಹಾಡಬೇಕು. ಒಂದು ಹಾಡು ಮುಗಿಯುವಷ್ಟರಲ್ಲಿ ಒಲೆಯ ಮೇಲಿಟ್ಟ ದೊಡ್ಡ ಪಾತ್ರೆಯ ನೀರು ಕುದಿ ಬಂದಿರುತ್ತದೆ. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಒಬ್ಬನೇ ಎತ್ತಿಕೊಡಬೇಕು, ಆಮೇಲೆ ಎಲ್ಲರೂ ಸೇರಿಕೊಳ್ಳುತ್ತಾರೆ. ಎತ್ತಿಕೊಡುವವನು ತಪ್ಪಿದರೆ ಇಡೀ ಸಭೆ ತಪ್ಪುತ್ತದೆ. ನಮ್ಮ ಸಭೆಯಲ್ಲಿ ಆ ಕೆಲಸ ಸೈಮನ್ ಚಿಕ್ಕಪ್ಪನದು. ಅದಕ್ಕೂ ಮೊದಲು ಅವರ ಅಪ್ಪನದು. ಅವರು ಎತ್ತಿಕೊಟ್ಟಾಗ ಗಂಡಸರ ಬದಿಯಿಂದ ಹೆಂಗಸರ ಬದಿಯವರೆಗೆ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು. ಆಲ್ಮರ್‌ನಲ್ಲಿ ನಾನು ಅಂಥ ಹಾಡು ಕೇಳಿರಲಿಲ್ಲ.

ಮಾತಿನಲ್ಲಿ ಮಾತ್ರ ಅವರು ಬಡವರು. ನಾಲ್ಕು ಮಾತು ಆಡಬೇಕಾದಲ್ಲಿ ಒಂದು ಆಡಿ, ಉಳಿದದ್ದಕ್ಕೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. ಹೆಂಡತಿ ಫ್ರೋನಿ ಚಿಕ್ಕಮ್ಮ ನಗುತ್ತ ಹೇಳುತ್ತಿದ್ದಳು, ಇವರು ನನ್ನನ್ನು ಮದುವೆಗೆ ಕೇಳಿದ್ದು ಅರ್ಧ ಮಾತಿನಲ್ಲಿ, ಮಿಕ್ಕರ್ಧ ನಾನೇ ಹೇಳಿ ಒಪ್ಪಿಕೊಂಡೆ ಎಂದು.

ನಾನು ಬಂದ ವರ್ಷವೇ ನಮ್ಮ ಸಭೆಯ ಬೋಧಕರೊಬ್ಬರು ತೀರಿಕೊಂಡರು. ಅವರ ಜಾಗಕ್ಕೆ ಒಬ್ಬರನ್ನು ಆರಿಸಬೇಕಾಯಿತು.

ನಮ್ಮಲ್ಲಿ ಬೋಧಕನಾಗಲು ಯಾರೂ ಓದುವುದಿಲ್ಲ, ಯಾರೂ ಮುಂದೆ ಬರುವುದಿಲ್ಲ. ಮುಂದೆ ಬಂದವನನ್ನು ಕಂಡರೆ ಜನ ಹಿಂದೆ ಸರಿಯುತ್ತಾರೆ. ಆ ಕೆಲಸಕ್ಕೆ ಸಂಬಳವಿಲ್ಲ, ನಿವೃತ್ತಿಯಿಲ್ಲ. ಹೊಲ, ಕಸುಬು, ಮಕ್ಕಳು ಎಲ್ಲದರ ಜೊತೆಗೆ ಸಾಯುವವರೆಗೂ ಹೊರಬೇಕು. ಸಭೆಯ ಮುಂದೆ ನಿಂತು ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ಕೈಯಲ್ಲಿ ಚೂರು ಕಾಗದವಿಲ್ಲದೆ ಮಾಡಬೇಕು, ಗಂಟೆಗಟ್ಟಲೆ. ಜಗಳವಾಡಿದವರ ನಡುವೆ ಹೋಗಿ ನಿಲ್ಲಬೇಕು, ತಪ್ಪಿದವರ ಮನೆಗೆ ಹೋಗಿ ಬುದ್ಧಿ ಹೇಳಬೇಕು. ಆರಿಸುವುದು ಹೀಗೆ: ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ದಿನ ಸಂಜೆ, ಸದಸ್ಯರೆಲ್ಲ ಒಬ್ಬೊಬ್ಬರಾಗಿ ಎದ್ದು ಒಂದು ಕೋಣೆಯ ಬಾಗಿಲಿಗೆ ಹೋಗುತ್ತಾರೆ. ಒಳಗೆ ಇಬ್ಬರು ಬೋಧಕರು; ಒಬ್ಬರು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿರುತ್ತಾರೆ. ಅವರ ಕಿವಿಯಲ್ಲಿ ಒಂದು ಹೆಸರು ಪಿಸುಗುಟ್ಟಿ ಬರಬೇಕು. ಇದಕ್ಕೆ ದನಿ ಕೊಡುವುದು ಎನ್ನುತ್ತೇವೆ. ಯಾರಿಗೆ ಕಡೇಪಕ್ಷ ಮೂರು ದನಿ ಬೀಳುತ್ತದೋ ಅವರೆಲ್ಲ ಚೀಟಿಗೆ ಸೇರುತ್ತಾರೆ. ಎಷ್ಟು ಜನ ಸೇರುತ್ತಾರೋ ಅಷ್ಟು ಹಾಡಿನ ಪುಸ್ತಕ ಮೇಜಿನ ಮೇಲಿಡುತ್ತಾರೆ. ಒಂದರಲ್ಲಿ ಮಾತ್ರ ಬೈಬಲಿನ ವಾಕ್ಯ ಬರೆದ ಚೀಟಿ. ಅದು ಯಾರ ಕೈಗೆ ಬರುತ್ತದೋ ಅವನನ್ನು ದೇವರು ಕರೆದ ಹಾಗೆ. ಬೇಡ ಎನ್ನುವಂತಿಲ್ಲ, ದೀಕ್ಷಾಸ್ನಾನದ ದಿನವೇ ಪ್ರತಿ ಗಂಡಸೂ ಮೊಣಕಾಲೂರಿ, ಕರೆ ಬಂದರೆ ಒಪ್ಪುತ್ತೇನೆಂದು ಮಾತು ಕೊಟ್ಟಿರುತ್ತಾನೆ.

ಅವತ್ತು ಸಭೆ ಜೋಯಲ್ ಜಾಂಟ್ಸಿಯ ಮನೆಯಲ್ಲಿತ್ತು. ಜೋಯಲ್ ಮರ ಕೊಯ್ಯುವ ಮಿಲ್ಲಿನವನು, ಮಾತುಗಾರ, ಎಲ್ಲರಿಗೂ ಬೇಕಾದವನು. ಈ ಸಲ ಚೀಟಿ ಅವನಿಗೇ ಎಂದು ಜನ ಮನಸ್ಸಿನಲ್ಲೇ ಅಂದುಕೊಂಡಿದ್ದರು. ನನ್ನ ಹೆಸರು ಇನ್ನೂ ಆಲ್ಮರ್ ಸಭೆಯಲ್ಲೇ ಇದ್ದುದರಿಂದ ನನಗೆ ದನಿ ಕೊಡುವ ಹಕ್ಕಿರಲಿಲ್ಲ. ಒಲೆಯ ಹತ್ತಿರ ಬೇರೆಯವರ ಕೂಸುಗಳನ್ನು ನೋಡಿಕೊಂಡು ಕೂತಿದ್ದೆ. ಅದರಲ್ಲಿ ಒಂದು ಜೋಯಲ್‌ನ ಹೆಂಡತಿ ಮ್ಯಾಗ್ಡಲೀನಾಳ ಮಗು. ಅದರ ಎದೆಯಲ್ಲಿ ಹುಟ್ಟಿನಿಂದಲೇ ಏನೋ ತೊಂದರೆ; ತುಟಿ ನೀಲಿ, ಅತ್ತರೆ ಉಸಿರು ಕಟ್ಟುತ್ತಿತ್ತು.

ಬೇರೆ ಊರಿನಿಂದ ಬಂದ ಇಬ್ಬರು ಮುದಿ ಬೋಧಕರು ಬಾಗಿಲ ಹಿಂದೆ ದನಿ ಕೇಳಿಸಿಕೊಂಡರು. ನಮ್ಮ ಸಭೆಯ ಹಿರಿಯರಾದ ಬಿಷಪ್ ವ್ಯಾಲೆಂಟೈನ್ ಗರ್ಬರ್ ಹೊರಗೆ ಬಂದು ಹೆಸರು ಓದಿದರು. ಜೋಯಲ್‌ನ ಹೆಸರು ಬಂತು, ಇನ್ನೂ ಮೂವರದು ಬಂತು, ಕೊನೆಗೆ ಸೈಮನ್ ಸ್ಟ್ರೈಕರ್ ಎಂದರು. ಚಿಕ್ಕಪ್ಪ ಏಳಲೇ ಇಲ್ಲ. ತಮ್ಮನ್ನಲ್ಲ ಎಂದುಕೊಂಡು ಅತ್ತಿತ್ತ ನೋಡಿದರು. ಪಕ್ಕದಲ್ಲಿದ್ದ ರೂಡಿ ಆಲ್ಬ್ರೆಕ್ಟ್ ಮೊಣಕೈಯಿಂದ ತಿವಿದ ಮೇಲೆ ಎದ್ದರು. ಜನಕ್ಕೂ ಆಶ್ಚರ್ಯವೇ. ಹಾಡು ಎತ್ತಿಕೊಡುವವನಿಗೆ ನಮ್ಮಲ್ಲಿ ಯಾರೂ ದನಿ ಕೊಡುವುದಿಲ್ಲ. ಅವನಿಗೆ ಅವನ ಕೆಲಸ ಆಗಲೇ ಇದೆ. ಮತ್ತೆ, ಮೊದಲೆರಡು ಹಾಡಿನ ಹೊತ್ತಿನಲ್ಲಿ ಬೋಧಕರೆಲ್ಲ ಮಹಡಿಯ ಕೋಣೆಗೆ ಹೋಗಿ ಅವತ್ತಿನ ವಿಚಾರ ಮಾತಾಡುತ್ತಾರೆ. ಹಾಡುವವನನ್ನೂ ಮೇಲೆ ಕಳಿಸಿದರೆ ಕೆಳಗೆ ಹಾಡುವವರು ಯಾರು?

ಐದು ಜನ ಪುಸ್ತಕ ತೆಗೆದುಕೊಂಡರು. ಚಿಕ್ಕಪ್ಪ ಕೊನೆಯವರು, ಮೇಜಿನ ಮೇಲೆ ಉಳಿದದ್ದನ್ನು ಎತ್ತಿಕೊಂಡರು. ವ್ಯಾಲೆಂಟೈನ್ ಒಬ್ಬೊಬ್ಬರ ಪುಸ್ತಕ ಬಿಚ್ಚುತ್ತ ಬಂದರು. ಜೋಯಲ್‌ನ ಪುಸ್ತಕ ಖಾಲಿ. ಮಿಕ್ಕವರದೂ ಖಾಲಿ. ಚಿಕ್ಕಪ್ಪನ ಪುಸ್ತಕ ಬಿಚ್ಚಬೇಕಾಗಿಯೇ ಇರಲಿಲ್ಲ. ಆದರೂ ಬಿಚ್ಚಿದರು, ಚೀಟಿ ತೋರಿಸಿದರು, ಅವರನ್ನು ಎಬ್ಬಿಸಿ ನಿಲ್ಲಿಸಿ ಕೈ ಹಿಡಿದು ಪದ್ಧತಿಯಂತೆ ಮುತ್ತು ಕೊಟ್ಟರು. ಗಂಡಸರು ಅತ್ತರು. ನಮ್ಮಲ್ಲಿ ಇಂಥ ದಿನ ಯಾರೂ ಯಾರಿಗೂ ಒಳ್ಳೆಯದಾಯಿತು ಎನ್ನುವುದಿಲ್ಲ. ಸಾವಿನ ಮನೆಯ ಹಾಗೆ ಕೈ ಹಿಡಿದು ಸುಮ್ಮನೆ ಹೋಗುತ್ತಾರೆ. ಹೆಂಗಸರ ಬದಿಯಲ್ಲಿ ಮ್ಯಾಗ್ಡಲೀನಾ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಗಂಡ ಉಳಿದನಲ್ಲ ಎಂಬ ನೆಮ್ಮದಿಗೆ ಅಳುತ್ತಾಳೆ ಎಂದುಕೊಂಡೆವು. ಫ್ರೋನಿ ಚಿಕ್ಕಮ್ಮ ಅಳಲಿಲ್ಲ. ಏಪ್ರನ್ನಿನ ಬಟ್ಟೆಯನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

ಮನೆಗೆ ಹೋಗುವಾಗ ಗಾಡಿಯಲ್ಲಿ ಚಿಕ್ಕಪ್ಪ ಕೇಳಿದ್ದು ಒಂದೇ ಮಾತಂತೆ. ಚಿಕ್ಕಮ್ಮನೇ ಎಷ್ಟೋ ಸಲ ನನಗೆ ಹೇಳಿದ್ದಾಳೆ.

"ಅದು ದೇವರ ಕೈಯೇ ತಾನೆ, ಫ್ರೋನಿ? ಆತನದೇ ಅಂತ ಗೊತ್ತಿದ್ರೆ ಹೊರ್ತೀನಿ."

"ಇನ್ನೊಬ್ರ ಕೈ ಆಗಿದ್ರೆ ನಿನ್ನ ಹೆಸರು ಅಲ್ಲಿಗೆ ಬರ್ತಿತ್ತಾ? ನಿನ್ನ ಬೋಧಕನ್ನ ಮಾಡಬೇಕು ಅನ್ನೋ ಯೋಚನೆ ಮನುಷ್ಯರಿಗೆ ಹೊಳೆಯೋದಲ್ಲ ಬಿಡು," ಎಂದಳಂತೆ ಚಿಕ್ಕಮ್ಮ.

ತಮಾಷೆಗೆ ಹೇಳಿದ ಆ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ತನ್ನಂಥವನಿಗೆ ದನಿ ಬೀಳುವುದೆಂದರೆ ಅದು ದೇವರ ಕೆಲಸವೇ. ಮುಂದಿನ ಇಪ್ಪತ್ತು ವರ್ಷ ಅವರನ್ನು ನಿಲ್ಲಿಸಿದ್ದು ಅದೊಂದೇ.

ಮೊದಲ ಪ್ರಸಂಗದ ದಿನ ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಪ್ರಾರಂಭದ ಮಾತು ಬಂತು, ಆಮೇಲೆ ಬರಲಿಲ್ಲ. ಎಲ್ಲರೂ ನೆಲ ನೋಡುತ್ತ ಕೂತೆವು. ಗೋಡೆಯಾಚೆ ಕುದುರೆಯೊಂದು ಕಾಲು ಕುಟ್ಟಿದ್ದು ಕೇಳಿಸಿತು. ಚಿಕ್ಕಪ್ಪ ಅದೇ ವಾಕ್ಯವನ್ನು ಮತ್ತೆ ಶುರು ಮಾಡಿ, ಮತ್ತೆ ಅಲ್ಲೇ ನಿಂತು, ಕ್ಷಮೆ ಕೇಳಿ, ಬೆವರು ಒರೆಸಿಕೊಂಡು ಹೇಗೋ ಮುಗಿಸಿದರು. ಊಟಕ್ಕೆ ಕೂತಾಗ ಗಂಡಸರು ಬ್ರೆಡ್ಡಿಗೆ ಕಡಲೆಬೀಜದ ಬೆಣ್ಣೆ ಸವರುತ್ತ ಹುಲ್ಲಿನ ವಿಚಾರವನ್ನೇ ಮಾತಾಡಿದರು. ಪ್ರಸಂಗದ ವಿಚಾರ ಯಾರೂ ಎತ್ತಲಿಲ್ಲ.

ಆಮೇಲೆ ಅವರು ಲಾಳ ಹೊಡೆಯುವಾಗ ಹಾಡುವುದನ್ನು ಬಿಟ್ಟು ಪ್ರಸಂಗ ಅಭ್ಯಾಸ ಮಾಡತೊಡಗಿದರು. ಬೇಲಿಯಾಚೆಯಿಂದ ನನಗೆ ತುಂಡು ತುಂಡಾಗಿ ಕೇಳಿಸುತ್ತಿತ್ತು. ಕುದುರೆ ತಂದವರು ಚುಡಾಯಿಸುತ್ತಿದ್ದರು. ರೂಡಿಯಂತೂ, "ನನ್ನ ಕುದುರೆಗೆ ಲಾಳ ಸಾಕು ಸೈಮನ್, ಪ್ರಸಂಗ ಬೇಡ. ಅದು ಈಗಲೇ ನನಗಿಂತ ಒಳ್ಳೇದು, ಇನ್ನೂ ಒಳ್ಳೇದಾದ್ರೆ ನನ್ನ ಗಾಡಿ ಎಳೆಯೋಕೆ ಒಪ್ಪಲ್ಲ," ಎಂದನಂತೆ. ಚಿಕ್ಕಪ್ಪನೂ ನಕ್ಕರು. ಆದರೆ ಹಟಮಾರಿ ಕುದುರೆಗಳಿಗೆ ಈಗ ಇಬ್ಬರು ಹಿಡಿದುಕೊಳ್ಳಬೇಕಾಗುತ್ತಿತ್ತು.

ಹಾಡು ಎತ್ತಿಕೊಡುವ ಕೆಲಸ ರೂಡಿಗೆ ಬಂತು. ಒಳ್ಳೆಯ ಮನುಷ್ಯ, ಆದರೆ ಅವಸರ. ರಾಗದ ಸಣ್ಣ ತಿರುವುಗಳನ್ನು ನುಂಗಿಕೊಂಡು ಮುಂದಕ್ಕೆ ಓಡುತ್ತಿದ್ದ. ಸಭೆಯೂ ಅವನ ಹಿಂದೆ ಓಡುವುದನ್ನು ಕಲಿಯಿತು. ಮಹಡಿಯ ಹಲಗೆಯ ಸಂದಿಯಿಂದ ಆ ಹಾಡು ಮೇಲಕ್ಕೆ ಕೇಳುತ್ತಿತ್ತು. ಒಮ್ಮೆ ಮೇಲೆ, ಯಾರೋ ಗಾಡಿಯ ಚಕ್ರಕ್ಕೆ ನಮ್ಮಲ್ಲಿ ನಿಷಿದ್ಧವಾದ ರಬ್ಬರು ಹಾಕಿಸಿದ ತಪ್ಪಿನ ವಿಚಾರಣೆ ನಡೆದಿತ್ತಂತೆ. ನೀನೇನು ಹೇಳುತ್ತೀ ಸೈಮನ್ ಎಂದು ವ್ಯಾಲೆಂಟೈನ್ ಕೇಳಿದರೆ, ಚಿಕ್ಕಪ್ಪ ತೊಡೆಯ ಮೇಲೆ ಬೆರಳು ಆಡಿಸುತ್ತ, "ಅಲ್ಲಿ ಇನ್ನೊಂದು ಸಲ ಏರಬೇಕಿತ್ತು," ಎಂದುಬಿಟ್ಟರಂತೆ. ವ್ಯಾಲೆಂಟೈನ್ ಇದನ್ನು ಆಲ್ವಿನ್‌ಗೆ ಹೇಳಿ ನಕ್ಕರು. ನಕ್ಕು ಮುಗಿದ ಮೇಲೆ ಅವರ ಮುಖ ಸಪ್ಪಗಾಗಿತ್ತು ಎಂದು ಆಲ್ವಿನ್ ನನಗೆ ಹೇಳಿದ.

ಬೇಕಾದವರಿಗೆ ನೀವು ರಾಗ ಕಲಿಸಬಹುದಲ್ಲ ಎಂದು ನಾನೇ ಒಮ್ಮೆ ಚಿಕ್ಕಪ್ಪನನ್ನು ಕೇಳಿದ್ದೆ. ಬೋಧಕ ಹಾಡನ್ನು ತಿದ್ದತೊಡಗಿದರೆ ರೂಡಿಗೆ ಹೇಗಾಗುತ್ತದೆ ಎಂದರು. ಅಷ್ಟೇ.

ಲಾಟರಿಯ ಹಾಗೆ ಬಂದ ಕೆಲಸವೆಂದು ಅವರು ಅದನ್ನು ಎಂದೂ ಹಗುರ ಮಾಡಲಿಲ್ಲ. ಚೀಟಿ ಎತ್ತಿದ ವರ್ಷದ ಚಳಿಗಾಲದಲ್ಲೇ ಮ್ಯಾಗ್ಡಲೀನಾಳ ಆ ನೀಲಿ ತುಟಿಯ ಮಗು ತೀರಿಕೊಂಡಿತು. ಚಿಕ್ಕಪ್ಪ ಹಿಮದಲ್ಲಿ ಗಾಡಿ ಹೂತುಹೋದಾಗ ಅದನ್ನು ಬಿಟ್ಟು ಅವರ ಮನೆಗೆ ನಡೆದುಕೊಂಡೇ ಹೋದರು.  ಜೋಯಲ್‌ನ ಜೊತೆ ಸೇರಿ ದನಗಳ ಕೆಲಸ ಮಾಡಿದರು, ಸೌದೆ ಒಡೆದು ಹಾಕಿದರು, ಹಲಗೆ ಕೊಯ್ದು ಸಣ್ಣ ಪೆಟ್ಟಿಗೆ ಮಾಡಿದರು, ಮಗುವಿನ ಹತ್ತಿರ ಕೂತರು. ಮ್ಯಾಗ್ಡಲೀನಾ ಅವರ ಮುಖವನ್ನೂ ನೋಡಲಿಲ್ಲ, ಕಾಫಿಯನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸಿದಳು. ದುಃಖದಲ್ಲಿದ್ದಾಳೆ ಎಂದುಕೊಂಡೆವು. ಸಮಾಧಿಯ ಹತ್ತಿರ ಚಿಕ್ಕಪ್ಪ ಹೇಳಿದ ಮಾತು ಅರ್ಧಕ್ಕೇ ನಿಂತಿತು. ಅವತ್ತು ಮಾತ್ರ ಅದು ಯಾರಿಗೂ ತಪ್ಪೆನ್ನಿಸಲಿಲ್ಲ.

ವರ್ಷಗಳು ಹೋದ ಹಾಗೆ ಅವರ ಪ್ರಸಂಗ ಸ್ವಲ್ಪ ಸುಧಾರಿಸಿತು, ಅಂದರೆ ನಿಲ್ಲುವುದು ಕಡಿಮೆಯಾಯಿತು. ಅದಕ್ಕೆ ಕಾರಣ ಫ್ರೋನಿ ಚಿಕ್ಕಮ್ಮ. ವಾರವಿಡೀ ಹಿಟ್ಟು ನಾದುತ್ತ, ಬಟ್ಟೆ ಹಿಂಡುತ್ತ ಅವರ ಪ್ರಸಂಗ ಕೇಳಿ ಅವಳಿಗೆ ಬಾಯಿಪಾಠವಾಗಿರುತ್ತಿತ್ತು. ಸಭೆಯಲ್ಲಿ ಹೆಂಗಸರ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅವರು ತಡವರಿಸಿದರೆ ಅವಳ ತುಟಿ ಅಲ್ಲಾಡುತ್ತಿತ್ತು, ಅವರು ನೋಡಿಕೊಂಡು ಮುಂದುವರಿಯುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಚಿಕ್ಕಮ್ಮ ಹೊಟ್ಟೆಯ ಕಾಯಿಲೆಯಲ್ಲಿ ತೀರಿಕೊಂಡಳು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರದ ಸೀಮೆಗೆ ಹೋಗಿದ್ದರು. ಬಂದು, ಅತ್ತು, ಅಪ್ಪನನ್ನು ತಮ್ಮ ಜೊತೆ ಬಾ ಎಂದು ಕರೆದರು. ಬೋಧಕ ತನ್ನ ಸಭೆಯನ್ನು ಬಿಟ್ಟು ಹೋಗುವಂತಿಲ್ಲ ಎಂದು ಅವರಿಗೂ ಗೊತ್ತಿತ್ತು, ಕರೆಯಬೇಕೆಂದು ಕರೆದರು. ಅದರ ನಂತರದ ಭಾನುವಾರ ಚಿಕ್ಕಪ್ಪ ನಿಂತುಕೊಂಡು, ಮೊದಲ ತಡೆಯಲ್ಲಿ ಅಭ್ಯಾಸಬಲದಿಂದ ಹೆಂಗಸರ ಮುಂದಿನ ಬೆಂಚು ನೋಡಿದರು. ಅಲ್ಲಿ ಬೇರೆ ಯಾರೋ ಕೂತಿದ್ದರು. ಅವತ್ತಿನ ಪ್ರಸಂಗ ಅಲ್ಲಿಗೇ ಮುಗಿಯಿತು.

ಅಷ್ಟು ಹೊತ್ತಿಗೆ ಹುಲ್ಲಿನ ದೂಳು ಅವರ ಎದೆಯನ್ನು ತಿಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಮಾತಾಡಿದರೆ ಕೆಮ್ಮು. ಸಭೆಯ ಇನ್ನೊಬ್ಬ ಬೋಧಕ ಹಾಸಿಗೆ ಹಿಡಿದಿದ್ದ. ಉಳಿದವರು ಮುದಿ ವ್ಯಾಲೆಂಟೈನ್ ಮತ್ತು ಇವರು. ಶರತ್ಕಾಲದ ಪ್ರಭುಭೋಜನದ ದಿನ ಹೊಸಬರೊಬ್ಬರನ್ನು ಆರಿಸುವುದೆಂದು ತೀರ್ಮಾನವಾಯಿತು. ಹೊಸ ಬೋಧಕ ಬಂದರೆ ದೊಡ್ಡ ಪ್ರಸಂಗಗಳನ್ನು ಅವನಿಗೆ ಬಿಟ್ಟು ತಾನು ಬರೀ ಪ್ರಾರ್ಥನೆ ಓದಿಕೊಂಡು ಇರಬಹುದು ಎಂದು ಚಿಕ್ಕಪ್ಪ ಎಣಿಸಿದ್ದರು. ನನ್ನ ಹತ್ತಿರ ಅದನ್ನು ಹೇಳುವಾಗ, ರಜೆಯ ಮಾತಾಡುವ ಶಾಲೆ ಹುಡುಗನ ಹಾಗೆ ಅವರ ದನಿಯಲ್ಲಿ ಸಂಕೋಚವಿತ್ತು. ಈ ಸಲ ಬಾಗಿಲ ಹಿಂದೆ ನಿಂತು ದನಿ ಕೇಳಿಸಿಕೊಳ್ಳುವ ಕೆಲಸ ಅವರಿಗೇ ಬಿತ್ತು.

ಅದಕ್ಕೆ ಎರಡು ವಾರ ಮುಂಚೆ ಒಂದು ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿ ಸೇಬಿನ ಸಿಪ್ಪೆ ತೆಗೆಯುತ್ತಿದ್ದೆ. ಚಿಕ್ಕಮ್ಮ ಹೋದ ಮೇಲೆ ವಾರಕ್ಕೊಮ್ಮೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದೆ. ಮ್ಯಾಗ್ಡಲೀನಾ ಬಂದಳು. ಆಗ ಅವಳು ಮೊಮ್ಮಕ್ಕಳನ್ನು ಕಂಡವಳು. ಹಣ್ಣು ತುಂಬಿ ಬೇಯಿಸಿದ ಒಂದು ಪೈ ಮಾಡಿ ತಂದಿದ್ದಳು. ಅದನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದು ನಿಂತಳು. ನಾನು ಎದ್ದು ಹೊರಡಲು ನೋಡಿದೆ. ಕೂತ್ಕೊ, ಒಬ್ಬರಾದರೂ ಜೊತೆಗಿದ್ದರೆ ಹೇಳಿಬಿಡುತ್ತೇನೆ ಎಂದಳು.

"ಸೈಮನ್, ಅವತ್ತು ನಿನಗೆ ದನಿ ಕೊಟ್ಟಿದ್ದು ನಾನು," ಎಂದಳು.

ನಮ್ಮಲ್ಲಿ ಬೋಧಕನಾದರೂ ಬಿಷಪ್ ಆದರೂ ಓರಗೆಯವರಿಗೆ ಹೆಸರೇ, ನೀನೇ. ಚಿಕ್ಕಪ್ಪನಿಗೆ ಮುಖ ಅರಳಿತು. ದನಿ ಕೊಟ್ಟವರು ಯಾರೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ಒಬ್ಬಳು ಬಂದು ಹೇಳುತ್ತಿದ್ದಾಳೆ. ಅದನ್ನು ಒಳ್ಳೆಯ ಮಾತೆಂದೇ ಅವರು ಎತ್ತಿಕೊಂಡರು.

"ಹಾಗಲ್ಲ," ಎಂದಳು ಮ್ಯಾಗ್ಡಲೀನಾ. "ಬಿಸಾಕೋಕೆ ಕೊಟ್ಟೆ. ಜೋಯಲ್‌ಗೆ ಬಂದುಬಿಡತ್ತೆ ಅಂತ ಹೆದರಿಕೆ. ಕೂಸು ಹಾಗಿತ್ತು, ಒಬ್ಳೇ ಹೇಗೆ ನಿಭಾಯಿಸ್ಲಿ. ಒಂದು ಹೆಸರು ಅಂತ ಹೇಳ್ಲೇಬೇಕು, ಬೇರೆ ಯಾರ ಹೆಸರು ಹೇಳಿದ್ರೂ ಅವರ ಮನೆ ಹಾಳು ಮಾಡಿದ ಹಾಗಾಗತ್ತೆ. ಹಾಡೋನಿಗೆ ಯಾರೂ ಕೊಡಲ್ಲವಲ್ಲ, ನಿನ್ನ ಹೆಸರು ಹೇಳಿದ್ರೆ ಯಾರಿಗೂ ತಾಗಲ್ಲ ಅಂದ್ಕೊಂಡೆ. ಸಾಯೋ ಮುಂಚೆ ನನ್ನ ತಂಗಿ ಬಾರ್ಬರಾ ಹೇಳಿದ್ಲು, ಅವಳೂ ಅದನ್ನೇ ಮಾಡಿದ್ಲಂತೆ."

ಅವಳು ಈಗ ಬಂದದ್ದಕ್ಕೂ ಕಾರಣವಿತ್ತು, ಅದನ್ನೂ ಹೇಳಿದಳು. ಈ ಸಲ ಅವಳ ಮಗನಿಗೆ ಚೀಟಿ ಬರುವ ಸಂಭವವಿತ್ತು. ಮತ್ತೆ ಯಾರಾದರೂ ಒಬ್ಬ ಬಡಪಾಯಿಯ ಹೆಸರು ಹೇಳಿ ಬರೋಣವೆಂದು ಅವಳ ಮನಸ್ಸು ಆಗಲೇ ಹುಡುಕತೊಡಗಿತ್ತು. ಬಾಗಿಲ ಹಿಂದೆ ಇರುವುದು ಸೈಮನ್‌ನ ಕಿವಿ ಎಂದು ತಿಳಿದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ.

 ಬೇರೆ ದನಿಗಳು ಯಾರವೆಂದು ಚಿಕ್ಕಪ್ಪ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡ ಇಬ್ಬರು ಬೋಧಕರೂ ತೀರಿಕೊಂಡಿದ್ದರು. ಮೂರೇ ಬಿದ್ದಿತ್ತೋ ಹೆಚ್ಚು ಬಿದ್ದಿತ್ತೋ, ಅದನ್ನು ಯಾವತ್ತೂ ಹೊರಗೆ ಹೇಳುವುದಿಲ್ಲ. ಅವಳ ಕೈಯಿಂದ ಪೈ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಕೂಸಿನ ವಿಚಾರ ನನಗೆ ನೆನಪಿದೆ ಎಂದರು. ನಿನ್ನ ಮೇಲೆ ನನಗೇನೂ ಇಲ್ಲ, ಮನೆಗೆ ಹೋಗು ಎಂದರು. ಅವಳು ಹೋದ ಮೇಲೆ ಕೊಟ್ಟಿಗೆಗೆ ಹೋಗಿ, ಲಾಳ ಬೇಕಿಲ್ಲದ ತಮ್ಮದೇ ಕುದುರೆಯ ಗೊರಸನ್ನು ಎತ್ತಿ ಎತ್ತಿ ನೋಡುತ್ತಿದ್ದರು.

ಮರುದಿನ ಆಲ್ವಿನ್‌ನನ್ನು ಕರೆದುಕೊಂಡು ವ್ಯಾಲೆಂಟೈನ್ ಹತ್ತಿರ ಹೋದರು. ಯಾರ ಹೆಸರನ್ನೂ ಹೇಳದೆ ವಿಚಾರ ಇಟ್ಟರಂತೆ. ವ್ಯಾಲೆಂಟೈನ್ ಗಡ್ಡ ನೀವಿಕೊಂಡರು. ದನಿಗಳು ಮನುಷ್ಯರವು, ಅವು ಪುಸ್ತಕಗಳನ್ನು ಮೇಜಿಗೆ ತರುತ್ತವೆ ಅಷ್ಟೇ, ಚೀಟಿ ಯಾರ ಕೈಗೆ ಎನ್ನುವುದು ದೇವರದು ಎಂದರು. ಮೇಜಿನ ಹತ್ತಿರ ನಾನಿಲ್ಲದಿದ್ದರೆ ನಾಲ್ಕೇ ಪುಸ್ತಕ ಇರುತ್ತಿತ್ತಲ್ಲ ಎಂದು ಚಿಕ್ಕಪ್ಪ ಕೇಳಿದರು.  ಹೌದೆಂದು ವ್ಯಾಲೆಂಟೈನ್ ಒಪ್ಪಿಕೊಂಡರು. ನೀನು ಇಳಿಯುವ ಹಾಗಿಲ್ಲ ಸೈಮನ್, ಅದು ನಿನಗೂ ಗೊತ್ತು ಎಂದಷ್ಟೇ ಹೇಳಿದರು.

ಆ ವಾರ ಅವರು ಊಟ ಸರಿಯಾಗಿ ಮಾಡಲಿಲ್ಲ. ನಾನು ಮಾಡಿಟ್ಟ ಸಾರು ಹಾಗೇ ಉಳಿದಿತ್ತು. ತಡೆಯಲಾರದೆ ನಾನು ಕೇಳಿದೆ. ಮ್ಯಾಗ್ಡಲೀನಾಳದು, ಬಾರ್ಬರಾಳದು ಸೇರಿ ಎರಡೇ ದನಿ. ಮೂರನೆಯವರು ನಿಜವಾಗಿ ನಿಮ್ಮನ್ನೇ ಬಯಸಿ ಹೇಳಿರಬಹುದಲ್ಲ, ಅದೇ ದೇವರ ದನಿ ಎಂದುಕೊಳ್ಳಬಾರದೇ ಎಂದೆ.

"ಅಂದ್ಕೊಂಡು ನೋಡಿದೆ ಕಣಮ್ಮ," ಎಂದರು ಚಿಕ್ಕಪ್ಪ. "ನಿಲ್ಲಲಿಲ್ಲ. ಮೂರನೇದೂ ಹಾಗೇ ಇರಬಹುದಲ್ಲ. ಫ್ರೋನಿ ಇದ್ದಿದ್ರೆ ಏನಾದ್ರೂ ಹೇಳಿ ನಗಿಸ್ತಿದ್ಲು."

ಕೆಮ್ಮು ಬಂತು. ಅದು ನಿಂತ ಮೇಲೆ ಹೇಳಿದರು:

"ಕರೆದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಓ ಅಂದಿದ್ದೆ. ಅದು ಮಾತ್ರ ಗೊತ್ತು. ಅದು ಯಾರೂ ಬಿಸಾಕಿದ್ದಲ್ಲ, ನಾನೇ ಕೊಟ್ಟಿದ್ದು."

 ಸಾರು ಬಿಸಿ ಮಾಡಿ ಕೊಟ್ಟೆ. ಅರ್ಧ ಕುಡಿದರು.

ಪ್ರಭುಭೋಜನದ ದಿನ ಸಭೆ ರೂಡಿಯ ಹೊಸ ಕಣಜದ ಮನೆಯಲ್ಲಿತ್ತು. ಒಬ್ಬರ ಪಾದ ಒಬ್ಬರು ತೊಳೆಯುವ ವಿಧಿ ಮುಗಿದು ದನಿ ಕೊಡುವ ಹೊತ್ತು ಬಂತು. ಚಿಕ್ಕಪ್ಪ ಎದ್ದು, ಒಂದು ಮಾತು ಹೇಳಲು ವ್ಯಾಲೆಂಟೈನ್‌ನ ಅಪ್ಪಣೆ ಕೇಳಿದರು. ಕುರ್ಚಿಯ ಬೆನ್ನು ಹಿಡಿಯಲಿಲ್ಲ. ಅವರ ಬಾಯಿಂದ ತಡೆಯಿಲ್ಲದೆ ಬಂದ ಮಾತನ್ನು ಸಭೆ ಕೇಳಿದ್ದು ಅದೇ ಮೊದಲು.

"ನಾನು ಬಾಗಿಲ ಹಿಂದೆ ನಿಂತಿರ್ತೀನಿ. ನಿಮಗೆ ಹೆದರಿಕೆ ಇದ್ರೆ ಹೆದರಿಕೆ ಇದೆ ಅನ್ನಿ, ಹೆಸರು ಇಲ್ಲದಿದ್ರೆ ಇಲ್ಲ ಅನ್ನಿ. ಯಾರಿಗೂ ತಾಗಲ್ಲ ಅಂತ ಒಂದು ಹೆಸರು ಹೇಳಿ ಹೋಗಬೇಡಿ. ಅದು ತಾಗತ್ತೆ."

ಯಾರೂ ತಲೆಯೆತ್ತಲಿಲ್ಲ. ಮ್ಯಾಗ್ಡಲೀನಾ ಒಬ್ಬಳ ಕಡೆ ನಾನು ನೋಡದೆ ಇರಲು ಬಹಳ ಕಷ್ಟಪಟ್ಟೆ. ಆದರೆ ಅವಳೊಬ್ಬಳೇ ಅಲ್ಲ. ಎದುರಿನ ಬೆಂಚಿನ ಗಂಡಸರಲ್ಲೂ ಕೆಲವರ ಕಿವಿ ಕೆಂಪಾಗಿತ್ತು. ಇದು ಎಷ್ಟು ಹಳೆಯ ರೂಢಿಯೋ, ಎಷ್ಟು ಮನೆಯಲ್ಲಿ ಎಷ್ಟು ಜನ ಹೀಗೆ ದನಿ ಬಿಸಾಕಿ ಬಂದಿದ್ದರೋ.

ಸಾಲು ಎಂದಿಗಿಂತ ನಿಧಾನವಾಗಿ ಸಾಗಿತು. ಬಾಗಿಲ ಹತ್ತಿರ ಹೋದವರು ನಿಂತೇ ಇರುತ್ತಿದ್ದರು. ಎಷ್ಟೋ ಜನ ಏನೂ ಪಿಸುಗುಟ್ಟದೆ ತಲೆಯಾಡಿಸಿ ಹಿಂತಿರುಗಿದರು. ನನ್ನ ಸರದಿ ಬಂದಾಗ ಸಂದಿಯಲ್ಲಿ ಚಿಕ್ಕಪ್ಪನ ನರೆತ ಕೂದಲು, ಕಿವಿ, ಕಿವಿಯ ಹಿಂದೆ ಬೆಂಕಿ ಸಿಡಿದು ಆಗಿದ್ದ ಹಳೆಯ ಕಲೆ ಕಂಡವು. ಅವರು ನನ್ನ ಕಡೆ ನೋಡಲಿಲ್ಲ. ನಾನು ಹೇಳಿದ್ದು ನನ್ನ ಮತ್ತು ಅವರ ನಡುವಿನದು. ಮ್ಯಾಗ್ಡಲೀನಾ ಅಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದಳು. ಬಂದು ಕೂತಾಗ ಅವಳ ಮುಖ ಬಿಳುಪಾಗಿತ್ತು.

ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಚಿಕ್ಕಪ್ಪ ಮತ್ತು ವ್ಯಾಲೆಂಟೈನ್ ಬಹಳ ಹೊತ್ತು ಇದ್ದರು. ಮೇಜಿನ ಮೇಲೆ ಇಡಲು ರೂಡಿ ಹಾಡಿನ ಪುಸ್ತಕಗಳನ್ನು ಜೋಡಿಸಿಟ್ಟುಕೊಂಡು ಕಾಯುತ್ತಿದ್ದ. ವ್ಯಾಲೆಂಟೈನ್ ಹೊರಗೆ ಬಂದು, ಮೂರು ದನಿ ಬಿದ್ದವನು ಒಬ್ಬನೇ ಎಂದರು. ಒಬ್ಬನೇ ಇದ್ದರೆ ಚೀಟಿ ಹಾಕುವಂತಿಲ್ಲ. ಆರಿಸುವುದು ಮನುಷ್ಯರ ಕೆಲಸವಾಗಿಬಿಡುತ್ತದೆ. ಆ ಒಬ್ಬನ ಹೆಸರನ್ನೂ ಹೇಳದೆ, ವಸಂತದ ಪ್ರಭುಭೋಜನದವರೆಗೆ ತಡೆಯೋಣ, ಅಲ್ಲಿಯವರೆಗೆ ಈಗ ಇರುವವರೇ ನಡೆಸಿಕೊಂಡು ಹೋಗುತ್ತಾರೆ ಎಂದರು.

ಈಗ ಇರುವವರೆಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಅವರ ಹಿಂದೆ ಬಾಗಿಲಲ್ಲಿ ನಿಂತು, ಚೌಕಟ್ಟಿಗೆ ಕೈಕೊಟ್ಟು ಉಸಿರು ಹಿಡಿದುಕೊಳ್ಳುತ್ತಿದ್ದರು. ಗಾಡಿ ಹೂಡುವಾಗ ಆಲ್ವಿನ್ ತಡೆಯಲಾರದೆ ಕೇಳಿಬಿಟ್ಟ, ಸಭೆಯಲ್ಲಿ ಆಡಿದ ಆ ಮಾತು ಈ ಒಂದು ಸಲಕ್ಕಾದರೂ ಬೇಡವಾಗಿತ್ತೇನೋ ಚಿಕ್ಕಪ್ಪ ಎಂದು. ಅವರು ಲಗಾಮು ಸರಿ ಮಾಡುತ್ತ, ಮುಂದಿನ ಭಾನುವಾರದ ದೊಡ್ಡ ಪ್ರಸಂಗ ತಮ್ಮದೇ, ಬೇಗ ಮನೆ ಸೇರಬೇಕು ಎಂದರು.

ಆ ಚಳಿಗಾಲವೆಲ್ಲ ಅವರೇ ನಿಂತರು. ವ್ಯಾಲೆಂಟೈನ್‌ಗೆ ಕಾಲು ಬಿದ್ದುಹೋದ ಮೇಲೆ ಮೊದಲ ಪ್ರಸಂಗವೂ ಇವರದೇ, ಎರಡನೆಯದೂ ಇವರದೇ. ಮಹಡಿಯ ಕೋಣೆಗೆ ಹತ್ತಲು ಆಗದೆ ಕೆಳಗಿನ ಯಾವುದಾದರೂ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಒಬ್ಬರೇ ಕೂರುತ್ತಿದ್ದರು. ಸಿಹಿರಸ ಇಳಿಸಲು ಮೇಪಲ್ ಮರಗಳಿಗೆ ಕೊಳವೆ ಹೊಡೆಯುವ, ಹಿಮ ಕರಗುವ ದಿನಗಳಲ್ಲಿ, ವಸಂತದ ಪ್ರಭುಭೋಜನಕ್ಕೆ ಇನ್ನೂ ಕೆಲವು ವಾರ ಇರುವಾಗ ತೀರಿಕೊಂಡರು.

ಅವರ ಕೊನೆಯ ಪ್ರಸಂಗ ನಮ್ಮ ಮನೆಯಲ್ಲೇ ಆಯಿತು. ಹಿಮ ಕರಗಿ ಅಂಗಳವೆಲ್ಲ ಕೆಸರಾಗಿತ್ತು. ಅವರು ನಿಂತು ಶುರು ಮಾಡಿದರು, ನಡುವೆ ಕೆಮ್ಮು ಬಂತು, ಕೆಮ್ಮು ಹೋದ ಮೇಲೆ ಮಾತು ಸಿಗಲಿಲ್ಲ. ಅವತ್ತು ಯಾರೂ ನೆಲ ನೋಡಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಅವರನ್ನೇ ನೋಡುತ್ತ ಕಾದೆವು. ಅವರು ಅವಸರ ಮಾಡಲಿಲ್ಲ. ನೀರು ಕೊಟ್ಟರೆ ಬೇಡವೆಂದು ಕೈ ಮಾಡಿದರು. ಆಮೇಲೆ ಮುಂದಿನ ಮಾತು ಸಿಕ್ಕಿತು, ಅಲ್ಲಿಂದ ಮುಂದುವರಿಸಿದರು.